ಪುರಸಭೆಯ ಅಂಗಳದ ಎರಡು ಕಲ್ಲು

ಆ ಊರಿಗೆ ಹೇಳಿಕೊಳ್ಳುವಂಥ ಭೂಗೋಳವಿರಲಿಲ್ಲ. ನದಿಯಿಲ್ಲ, ಗುಡ್ಡವಿಲ್ಲ, ಕಡಲು ಯಾವ ದಿಕ್ಕಿಗೆ ಹೊರಟರೂ ಎರಡು ದಿನದ ದಾರಿ. ಶಾಲೆಯಲ್ಲಿ ಮೇಷ್ಟ್ರು ಊರಿನ ಮೇರೆಗಳನ್ನು ಕೇಳಿದರೆ ಮಕ್ಕಳು ಒಂದೇ ಉಸಿರಿಗೆ, “ಪೂರ್ವಕ್ಕೆ ಹೊಲ, ಪಶ್ಚಿಮಕ್ಕೆ ಹೊಲ, ಉತ್ತರಕ್ಕೆ ಹೊಲ, ದಕ್ಷಿಣಕ್ಕೆ ಹೊಲ ಸಾರ್” ಎಂದು ಕೂಗಿ ಕೂತುಬಿಡುತ್ತಿದ್ದರು. ಅದಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು. ಚರಿತ್ರೆಯೂ ಅಷ್ಟೇ ಚಿಕ್ಕದು. ದೂರದ ಮಾರುಕಟ್ಟೆಗೆ ಧಾನ್ಯ ಒಯ್ಯುವ ಗಾಡಿಗಳು ಹಿಂದೊಮ್ಮೆ ಒಂದು ಬಾವಿಯ ಹತ್ತಿರ ನಿಲ್ಲುತ್ತಿದ್ದವಂತೆ. ನಿಂತವರಲ್ಲಿ ಕೆಲವರು ಮುಂದೆ ಹೋಗಲಿಲ್ಲ. ಬಾವಿಯ ಸುತ್ತ ಮನೆಗಳಾದವು, ಮನೆಗಳ ಸುತ್ತ ಹೊಲಗಳಾದವು, ಒಂದು ದಿನ ಯಾರೋ ಬಂದು ಇದು ಪುರಸಭೆ ಎಂದು ಫಲಕ ಹಾಕಿ ಹೋದರು. ರೈಲು ಬರುತ್ತದೆ ಎಂದು ಮೂರು ಸಲ ಸುದ್ದಿಯಾಯಿತು. ರೈಲು ಬಂದದ್ದು ಪಕ್ಕದ ಊರಿಗೆ.

ಅಷ್ಟು ಬಯಲು ಜಾಗದಲ್ಲಿ ಯಾರದು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಲು ಅಳತೆಯೊಂದೇ ಆಸರೆ. ಒಂದು ಹಳ್ಳ ಅಥವಾ ಬಂಡೆ ಇದ್ದಿದ್ದರೆ ಅದನ್ನಾದರೂ ತೋರಿಸಬಹುದಿತ್ತು. ಇಲ್ಲಿ ತೋರಿಸಲು ಇದ್ದದ್ದು ಭೂಮಾಪಕರ ಸರಪಳಿ ಮತ್ತು ಅದು ಹೇಳಿದ ಜಾಗದಲ್ಲಿ ಹೂತ ಗಡಿಕಲ್ಲುಗಳು. ಆ ಸರಪಳಿಯ ತುದಿಯನ್ನು ಮೂವತ್ತೈದು ವರ್ಷ ಹಿಡಿದು ನಡೆದವನು ಈ ಕಥೆಯ ಮನುಷ್ಯ. ಕಾಗದದಲ್ಲಿ ಅವನ ಹುದ್ದೆ ಚೈನ್‌ಮನ್. ಊರವರ ಬಾಯಲ್ಲಿ ಅವನು ಚೈನಣ್ಣ. ಊರಿಗೆಲ್ಲ ಅಣ್ಣನಾದವನನ್ನು ಒಡಹುಟ್ಟಿದ ಅಣ್ಣ ಮಾತ್ರ ಮೂವತ್ತೆರಡು ವರ್ಷಗಳಿಂದ ತಮ್ಮನೆಂದು ಕರೆದಿರಲಿಲ್ಲ. ಎದುರಿಗೆ ಸಿಕ್ಕರೆ ಕಚೇರಿಯವರನ್ನು ಮಾತಾಡಿಸುವ ಹಾಗೆ “ನೀವು” ಎನ್ನುತ್ತಿದ್ದ. ತಾನು ಸಾಯುವ ಮೊದಲು, ಅಥವಾ ಅಣ್ಣ ಸಾಯುವ ಮೊದಲು, ಒಂದು ಸಲ ಆ “ನೀವು” ಹೋಗಿ “ಏ, ಬಾರೋ ಇಲ್ಲಿ” ಆಗಬೇಕು ಎಂಬುದಷ್ಟೇ ಅರವತ್ತೇಳರ ಚೈನಣ್ಣನಿಗೆ ಉಳಿದಿದ್ದ ಆಸೆ.

ಸರಪಳಿಯೆಂದರೆ ಬಾವಿಯ ಸರಪಳಿಯಲ್ಲ. ಗೇಣುದ್ದದ ನೂರು ತಂತಿ ಕೊಂಡಿಗಳು, ಕೊಂಡಿಯಿಂದ ಕೊಂಡಿಗೆ ಉಂಗುರ, ಹತ್ತು ಕೊಂಡಿಗೊಂದು ಹಿತ್ತಾಳೆಯ ಬಿಲ್ಲೆ, ಎರಡು ತುದಿಗೆ ಎರಡು ಹಿಡಿ. ಎಳೆದು ಹಿಡಿದರೆ ಸರಿಯಾಗಿ ಅರವತ್ತಾರು ಅಡಿ. ಆದರೆ ವರ್ಷವಿಡೀ ಮುಳ್ಳು, ಕಲ್ಲು, ಕೂಳೆಯ ಮೇಲೆ ಎಳೆದಾಡಿದ ಸರಪಳಿ ಸವೆದು ಕೊಂಚ ಹಿಗ್ಗುತ್ತದೆ. ಅದಕ್ಕೇ ಪುರಸಭೆಯ ಅಂಗಳದಲ್ಲಿ, ಒಂದಕ್ಕೊಂದು ಅರವತ್ತಾರು ಅಡಿ ದೂರದಲ್ಲಿ, ತಲೆಗೆ ಹಿತ್ತಾಳೆ ಮೊಳೆ ಹೊಡೆದ ಎರಡು ಕಲ್ಲುಗಳನ್ನು ಹಿಂದಿನವರು ಹೂತಿದ್ದರು. ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಸರಪಳಿಯನ್ನು ಆ ಕಲ್ಲುಗಳ ನಡುವೆ ಹಾಸಿ ನೋಡುವುದು, ಬೆರಳಷ್ಟು ಹೆಚ್ಚಿದ್ದರೆ ಕಮ್ಮಾರನ ಹತ್ತಿರ ಒಯ್ದು ಒಂದು ಉಂಗುರ ತೆಗೆಸುವುದು ವಾಡಿಕೆ. ಕಲ್ಲು ಹೇಳಿದ್ದೇ ಸರಿ. ಊರಿನ ಎಲ್ಲ ಬೇಲಿಗಳೂ ಕೊನೆಗೆ ಆ ಎರಡು ಮೊಳೆಗಳಿಗೇ ಬಂದು ಸೇರುತ್ತಿದ್ದವು.

ಚೈನಣ್ಣನಿಗೆ ಕಲ್ಲೂ ಬೇಕಾಗಿರಲಿಲ್ಲ ಎನ್ನಬೇಕು. ಒಂದು ಸರಪಳಿ ಅವನ ಕಾಲಲ್ಲಿ ಇಪ್ಪತ್ತಾರು ಹೆಜ್ಜೆ. ಸಂತೆಗೆ ಹೋಗುವಾಗಲೂ ಎಣಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ತವರು ಎಷ್ಟು ದೂರ ಎಂದು ಮುನಿಸಿನಲ್ಲಿ ಹೇಳಿದಾಗ, “ಎಲ್ಲಿ ದೂರ? ಇನ್ನೂರ ಹದಿನಾಲ್ಕು ಸರಪಳಿ ಅಷ್ಟೇ” ಎಂದಿದ್ದ. “ನಿಮ್ಮ ಕೈಹಿಡಿದದ್ದಕ್ಕೆ ನನ್ನನ್ನೂ ಕೊಂಡಿ ಲೆಕ್ಕದಲ್ಲಿ ಅಳೀತೀರಾ?” ಎಂದು ಅವಳು ಆಮೇಲೆ ನಕ್ಕಿದ್ದಳು.

ಅವನಿಗೆ ಮೂವತ್ತಮೂರು ವರ್ಷವಾಗಿದ್ದಾಗ ಪುರಸಭೆಯ ಗೋಪುರಕ್ಕೆ ಗಡಿಯಾರ ಬಂತು. ಅದನ್ನು ಉದ್ಘಾಟಿಸಲು ಮೇಲಿನವರು ಯಾರೋ ಬರುವರೆಂದು ಅಂಗಳಕ್ಕೆಲ್ಲ ಹೊಸದಾಗಿ ಚಪ್ಪಡಿ ಹಾಸುವುದೆಂದಾಯಿತು. ಮಧ್ಯಾಹ್ನ ಊಟ ಮುಗಿಸಿ ಚೈನಣ್ಣ ಕಚೇರಿಗೆ ಬಂದರೆ ಪಡುವಣದ ಕಲ್ಲು ಇದ್ದ ಜಾಗದಲ್ಲಿರಲಿಲ್ಲ. ಒಳಕ್ಕೆ, ಒಂದು ಮೊಳಕ್ಕೆ ಎರಡು ಬೆರಳು ಕಡಿಮೆಯಷ್ಟು ಒಳಕ್ಕೆ ಸರಿದು, ಚಪ್ಪಡಿಗಳ ಸಾಲಿನಲ್ಲಿ ಚೊಕ್ಕವಾಗಿ ಕೂತಿತ್ತು. ಸುತ್ತ ಸಿಮೆಂಟು ಇನ್ನೂ ಹಸಿ.

“ಇದ್ಯಾಕಪ್ಪಾ ಇಲ್ಲಿಗೆ ಬಂತು?” ಎಂದು ಮೇಸ್ತ್ರಿಯನ್ನು ಕೇಳಿದ.

“ಅಲ್ಲಿದ್ರೆ ಸಾಲು ಕೆಡ್ತಿತ್ತು ಚೈನಣ್ಣ. ಈಗ ನೋಡು, ಹಲ್ಲು ಜೋಡಿಸಿದ ಹಾಗೆ ಕಾಣ್ತದೆ.”

“ಇದು ಅಳತೆ ಕಲ್ಲು ಮಾರಾಯ.”

“ಮೊಳೆ ಹಂಗೇ ಇದೆಯಲ್ಲ! ಕಿತ್ತಿಲ್ಲ ನಾನು. ಬೇಕಿದ್ರೆ ಹೇಳು, ಸಂಜೆ ತನಕ ಹಸಿ ಇರುತ್ತೆ, ತೆಗೆದು ಕೊಡ್ತೀನಿ. ಆದ್ರೆ ಆ ಚಪ್ಪಡಿ ಒಡೀಬೇಕಾಗುತ್ತೆ. ಒಡೆದದ್ದಕ್ಕೆ ಸಾಹೇಬ್ರ ಹತ್ರ ನೀನೇ ಮಾತಾಡು.”

ಪುರಸಭೆಯ ಸಾಹೇಬರು ಆ ಹೊತ್ತು ಗೋಪುರದ ಕೆಳಗೆ ನಿಂತು ಎಲ್ಲರಿಗೂ ಬೈಯುತ್ತಿದ್ದರು. ಅವರ ಕೋಪ ಇಳಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಚೈನಣ್ಣ ಟೀ ಕುಡಿಯಲು ಹೋದ. ಟೀ ಅಂಗಡಿಯಲ್ಲಿ ಗಡಿಯಾರದ್ದೇ ಮಾತು. ವಾಪಸು ಬರುವಾಗ ಸಂಜೆಯಾಗಿತ್ತು. ಬಗ್ಗಿ ಸಿಮೆಂಟಿನ ಮೇಲೆ ಬೆರಳಿಟ್ಟು ನೋಡಿದ. ಗುರುತು ಬೀಳಲಿಲ್ಲ.

ಆ ವರ್ಷ ಕೊಯ್ಲಾದ ಮೇಲೆ ಸರಪಳಿ ಹಾಸಿದಾಗ ಅದು ಕಲ್ಲು ದಾಟಿ ಎರಡು ಕೊಂಡಿಯಷ್ಟು ಆಚೆಗೆ ಚಾಚಿತು. ಭೂಮಾಪಕರು ಕನ್ನಡಕ ಏರಿಸಿ ನೋಡಿದರು. “ಏನೋ ಇದು, ಹೊಟ್ಟೆಬಾಕನ ನಡುಪಟ್ಟಿ ಆದ ಹಾಗೆ ಆಗಿದೆ ನಿನ್ನ ಸರಪಳಿ!”

“ಸಾರ್, ಒಂದೇ ವರ್ಷದಲ್ಲಿ ಇಷ್ಟು ಹಿಗ್ಗುತ್ತಾ? ಆ ಕಲ್ಲೇನಾದ್ರೂ...”

“ಕಲ್ಲು ನಡೆಯುತ್ತೇನೋ?”

ಸುತ್ತ ಇದ್ದವರು ನಕ್ಕರು. ಚೈನಣ್ಣನೂ ನಕ್ಕ. ಭೂಮಾಪಕರು ಆಗಷ್ಟೇ ವರ್ಗವಾಗಿ ಬಂದವರು, ಹಳೆಯ ಅಂಗಳ ನೋಡಿದವರಲ್ಲ. ಬಿಡಿಸಿ ಹೇಳಬೇಕಾದರೆ, ಹಸಿಯಿದ್ದಾಗ ನೀನೇನು ಮಾಡುತ್ತಿದ್ದೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು. ಅವನು ಸರಪಳಿ ಹೆಗಲಿಗೇರಿಸಿ ಕಮ್ಮಾರನ ಕುಲುಮೆಗೆ ಹೋದ. ಕೊನೆಯ ಬಿಲ್ಲೆಯ ಆಚೆಗಿದ್ದ ಎರಡು ಕೊಂಡಿಗಳನ್ನು ಕಮ್ಮಾರ ಕತ್ತರಿಸಿ ಹಾಕಿದ. ಮಾರನೆಯ ದಿನ ಮೊದಲ ಹೊಲದಲ್ಲಿ ಎಳೆದು ನಡೆದಾಗ ಇಪ್ಪತ್ತಾರನೇ ಹೆಜ್ಜೆ ಅರ್ಧಕ್ಕೇ ನಿಂತಿತು. ಕಾಲಿಗೆ ಗೊತ್ತಾಯಿತು. ನಾಲ್ಕು ದಿನ ಹಾಗೇ ಎಡವಿದಂತಾಗುತ್ತಿತ್ತು. ಐದನೆಯ ದಿನ ಕಾಲೂ ಹೊಂದಿಕೊಂಡಿತು.

ಎರಡು ವರ್ಷ ಕಳೆದ ಮೇಲೆ ಊರಿನ ಜಮೀನನ್ನೆಲ್ಲ ಮತ್ತೊಮ್ಮೆ ಅಳೆಯಬೇಕೆಂದು ಆದೇಶ ಬಂತು. ಅಳೆದರೆ ಪ್ರತಿಯೊಂದು ಹೊಲವೂ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಹೆಚ್ಚು! ಸರಪಳಿ ಗಿಡ್ಡವಾದರೆ ನೆಲ ಉದ್ದವಾಗಿ ಕಾಣುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಪುರಸಭೆಯವರಿಗೆ ಹಿಗ್ಗೋ ಹಿಗ್ಗು. ಆ ವರ್ಷ ಮೇಷ್ಟ್ರು ಬರೆದ ಊರಿನ ಚರಿತ್ರೆಯ ಪುಸ್ತಿಕೆಯಲ್ಲಿ, “ನಮ್ಮ ಸಿಬ್ಬಂದಿಯ ಶ್ರದ್ಧೆಯಿಂದಾಗಿ ಪುರಸಭೆಯ ವಿಸ್ತೀರ್ಣ ಹೆಚ್ಚಿದೆ” ಎಂಬ ಸಾಲು ಅಚ್ಚಾಯಿತು. ಇಬ್ಬರ ಹೊಲ ಕೂಡುವ ಕಡೆ ಮಾತ್ರ ಹೆಚ್ಚಾದದ್ದು ಯಾರಿಂದ ಬಂತು ಎಂಬ ಜಗಳ.

ಅಣ್ಣನ ಹೊಲವೂ ಅವನ ಹೊಲವೂ ಅಕ್ಕಪಕ್ಕ. ಅಪ್ಪನ ಕಾಲದಲ್ಲಿ ಸರಿಯಾದ ಸರಪಳಿಯಲ್ಲಿ, ತಲಾ ಹತ್ತು ಸರಪಳಿ ಅಗಲಕ್ಕೆ ಪಾಲಾದದ್ದು. ನಡುವೆ ಒಂದು ಗಡಿಕಲ್ಲು. ಕಲ್ಲಿನ ಈಚೆಗೆ ತನ್ನ ಕಡೆಯಲ್ಲಿ ಅತ್ತಿಗೆ ಮೂರು ನಿಂಬೆ ಗಿಡ ನೆಟ್ಟಿದ್ದಳು. ಮಕ್ಕಳಿಲ್ಲದ ಅವಳು ಆ ಗಿಡಗಳಿಗೆ ಸ್ನಾನ ಮಾಡಿಸುವವಳ ಹಾಗೆ ಚೊಂಬಿನಲ್ಲಿ ನೀರು ಹಾಕುತ್ತಿದ್ದಳು. ಅಣ್ಣನ ಹೊಲವನ್ನು ರಸ್ತೆಯ ಬದಿಯಿಂದ ಅಳೆಯುತ್ತ ಬಂದರೆ ಹತ್ತು ಸರಪಳಿ ಮುಗಿದದ್ದು ನಿಂಬೆ ಗಿಡಗಳಿಗಿಂತ ಮೊದಲೇ. ಗಡಿಕಲ್ಲು ಇನ್ನೂ ಹದಿಮೂರು ಅಡಿ ಆಚೆಗಿತ್ತು.

“ಹದಿಮೂರು ಅಡಿ ತಮ್ಮನದ್ದನ್ನು ಒತ್ತಿದ್ದೀರಲ್ರೀ ಯಜಮಾನ್ರೇ” ಎಂದರು ಭೂಮಾಪಕರು.

ಅಣ್ಣ ಮೊದಲು ತಮಾಷೆಯೆಂದುಕೊಂಡ. “ಅಪ್ಪ ಇಟ್ಟ ಕಲ್ಲು ಸಾರ್ ಅದು. ಒತ್ತೋದೇನು ಬಂತು? ಅವನದ್ದನ್ನೂ ಅಳೀರಿ, ಗೊತ್ತಾಗುತ್ತೆ.”

“ಇಲ್ಲಿ ಹೆಚ್ಚಿದ್ರೆ ಅಲ್ಲಿ ಕಮ್ಮಿ ಇರಲೇಬೇಕಲ್ಲ. ಅದನ್ನೂ ಅಳೀಬೇಕಾ?” ಭೂಮಾಪಕರಿಗೆ ಊಟದ ಹೊತ್ತಾಗಿತ್ತು.

“ಏ, ನೀನಾದ್ರೂ ಹೇಳೋ” ಎಂದು ಅಣ್ಣ ತಮ್ಮನ ಕಡೆ ತಿರುಗಿದ. “ಈ ಕಲ್ಲು ನಾನು ಸರಿಸಿದ್ದೀನೇನೋ?”

ಹೊಲದ ಬದುವಿನಲ್ಲಿ ಇಪ್ಪತ್ತು ಜನ ನಿಂತಿದ್ದರು. ತನ್ನ ಹೊಲವನ್ನೂ ಅಳೆದರೆ ಅಲ್ಲಿಯೂ ಹದಿಮೂರು ಅಡಿ ಹೆಚ್ಚು ಬರುತ್ತದೆ, ಆಗ ತಪ್ಪು ಮನುಷ್ಯರದ್ದಲ್ಲ, ಸರಪಳಿಯದ್ದೆಂದು ಮಕ್ಕಳಿಗೂ ತಿಳಿಯುತ್ತದೆ ಎಂಬುದು ಆ ಇಪ್ಪತ್ತೂ ಜನರಲ್ಲಿ ಚೈನಣ್ಣನೊಬ್ಬನಿಗೇ ಗೊತ್ತಿತ್ತು. ಹಿಂದೆಯೇ ಕಲ್ಲು, ಸಿಮೆಂಟು, ಟೀ ಎಲ್ಲವೂ ಹೊರಬೀಳುತ್ತದೆ. ಎರಡು ವರ್ಷದ ಅಳತೆಯೆಲ್ಲ ಸುಳ್ಳು, ಕೆಲಸ ಹೋಯಿತು. ಅವನ ಕೈ ಆಗಲೇ ಸರಪಳಿ ಸುತ್ತಿಕೊಳ್ಳುತ್ತಿತ್ತು. ಬಾಯಿಗೆ ಬಂದದ್ದು ಭೂಮಾಪಕರ ಮಾತು, ಅವರದೇ ಧಾಟಿಯಲ್ಲಿ:

“ಮತ್ತೆ ಕಲ್ಲು ತಾನೇ ನಡೆಯುತ್ತೇನಣ್ಣ?”

ಇಪ್ಪತ್ತು ಜನ ನಕ್ಕರು. ಗಡಿಕಲ್ಲನ್ನು ಕಿತ್ತು ಹದಿಮೂರು ಅಡಿ ಈಚೆಗೆ ಹೂತರು. ಮೂರು ನಿಂಬೆ ಗಿಡ ತಮ್ಮನ ಪಾಲಿಗೆ ಬಂದವು. ಮಾರನೆಯ ದಿನ ಹಿಟ್ಟಿನ ಚಕ್ಕಿಯ ಹತ್ತಿರ ಸಿಕ್ಕಾಗ ಅಣ್ಣ ದಾರಿ ಬಿಟ್ಟು ಪಕ್ಕಕ್ಕೆ ನಿಂತು, “ನೀವು ಮುಂದೆ ಹೋಗಿ” ಎಂದ.

ಅಂದಿನಿಂದ ಊರಿನಲ್ಲಿ ಯಾರಾದರೂ ತೂಕದಲ್ಲಿ, ಸರದಿಯಲ್ಲಿ ಸ್ವಲ್ಪ ಹೆಚ್ಚು ತೆಗೆದುಕೊಂಡರೆ, “ಅವನು ಹದಿಮೂರಡಿ ಗಿರಾಕಿ” ಎನ್ನುವುದು ರೂಢಿಯಾಯಿತು. ಯಾರ ಕುರಿತಾದ ಮಾತೆಂದು ಗೊತ್ತಿಲ್ಲದ ಎಳೆಯರೂ ಅಣ್ಣನ ಎದುರಿಗೇ ಅಂದು ನಗುತ್ತಿದ್ದರು. ಅಣ್ಣ ಸಹಕಾರ ಸಂಘದ ಸಭೆಗೆ ಹೋಗುವುದು ಬಿಟ್ಟ. ಆಮೇಲೆ ಕ್ಷೌರದಂಗಡಿಗೆ ಹೋಗುವುದನ್ನೂ ಬಿಟ್ಟು ಮನೆಯಲ್ಲೇ ಕನ್ನಡಿ ಇಟ್ಟುಕೊಂಡ.

ನಿಂಬೆ ಗಿಡಗಳನ್ನು ಚೈನಣ್ಣ ಕಡಿಯಲೂ ಇಲ್ಲ, ಕೊಯ್ಯಲೂ ಇಲ್ಲ. ಹಣ್ಣು ಉದುರಿ ನೆಲದಲ್ಲೇ ಕಪ್ಪಾಗುತ್ತಿದ್ದವು. ಅತ್ತಿಗೆ ಕೆಲವು ಸಲ ಹೊಸ ಕಲ್ಲಿನವರೆಗೆ ಬಂದು, ಒಂದು ಹೆಜ್ಜೆಯೂ ದಾಟದೆ, ಗಿಡಗಳನ್ನು ನೋಡಿ ಹೋಗುತ್ತಿದ್ದಳು. ಒಮ್ಮೆ ಅವನ ಹೆಂಡತಿ ಮಡಿಲು ತುಂಬ ಹಣ್ಣು ಆರಿಸಿ ಕಲ್ಲಿನಾಚೆಗೆ ಇಟ್ಟುಬಂದಳು. ಮಾರನೆಯ ದಿನ ಅಷ್ಟೂ ಹಣ್ಣು ಕಲ್ಲಿನ ಈಚೆಗೆ, ಸಾಲಾಗಿ ಕೂತಿದ್ದವು.

“ನೀವಿಬ್ರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು ಸುಳ್ಳಲ್ಲ ಬಿಡಿ” ಎಂದಳು ಹೆಂಡತಿ. “ಅವರು ಮಾತಾಡಿ ಕೆಟ್ರು, ನೀವು ಮಾತಾಡದೆ ಕೆಟ್ರಿ.” ಅವಳಿಗೆ ಸಿಮೆಂಟಿನ ವಿಷಯ ಗೊತ್ತಿರಲಿಲ್ಲ. ಸುಮ್ಮನೆ ಅಂದದ್ದು. ಅವನು ಅಂದು ಊಟ ಮಾಡಲಿಲ್ಲ.

ಅತ್ತಿಗೆ ತೀರಿಕೊಂಡು ಆರು ವರ್ಷವಾಯಿತು. ಅಂದು ಚೈನಣ್ಣ ಅಣ್ಣನ ಮನೆಯ ಮುಂದೆ ರಸ್ತೆಯಲ್ಲಿ ನಿಂತಿದ್ದ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಈ ಬೇಸಿಗೆಯಲ್ಲಿ ಊರಿಗೆ ಹೊಸ ಅಳತೆ ಬಂತು. ಮೂರು ಕಾಲಿನ ಯಂತ್ರ ಹಿಡಿದು ಬಂದವಳು ಇಪ್ಪತ್ತೈದರ ಒಬ್ಬ ಹುಡುಗಿ, ತಲೆಗೆ ಬಟ್ಟೆ ಸುತ್ತಿಕೊಂಡು ಬಿಸಿಲಲ್ಲಿ ಒಬ್ಬಳೇ ತಿರುಗುತ್ತಿದ್ದಳು. ಆ ಯಂತ್ರಕ್ಕೆ ಸರಪಳಿ ಬೇಡ. ಆಕಾಶದಲ್ಲಿರುವ ಉಪಗ್ರಹಗಳನ್ನು ಕೇಳಿಕೊಂಡು ನೆಲದ ಅಳತೆ ಹೇಳುತ್ತದಂತೆ. ಹದಿನೈದನೆಯ ದಿನ ಅವಳು ಚೈನಣ್ಣನ ಮನೆ ಹುಡುಕಿಕೊಂಡು ಬಂದಳು.

“ತಾತ, ಒಂದು ಮಾತು ಕೇಳಬೇಕಿತ್ತು. ನಿಮ್ಮೂರು ಪುಸ್ತಕದಲ್ಲಿ ದೊಡ್ಡದಾಗಿದೆ, ನೆಲದ ಮೇಲೆ ಚಿಕ್ಕದಾಗಿದೆ. ಒಂದು ಕಡೆ ಅಲ್ಲ, ಎಲ್ಲಾ ಕಡೆ. ಯಾವ ಉದ್ದ ತಗೊಂಡ್ರೂ ನೂರಕ್ಕೆ ಎರಡು ಲೆಕ್ಕದಲ್ಲಿ. ಕಳ್ಳತನ ಆಗಿದ್ರೆ ಇಷ್ಟು ಸಮ ಇರಲ್ಲ. ಸರಪಳಿಗೆ ಏನಾದ್ರೂ ಆಗಿತ್ತಾ?”

ಮೂವತ್ನಾಲ್ಕು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಕೇಳಿದ ಮೊದಲನೆಯವಳು ಅವಳು. ಚೈನಣ್ಣ ಚಪ್ಪಲಿ ಮೆಟ್ಟಿ ಅವಳನ್ನು ಪುರಸಭೆಯ ಅಂಗಳಕ್ಕೆ ಕರೆದೊಯ್ದು ಎರಡು ಮೊಳೆಗಳನ್ನು ತೋರಿಸಿದ. ಅವಳು ಯಂತ್ರ ಇಟ್ಟು ನೋಡಿ, “ಅರವತ್ನಾಲ್ಕು ಅಡಿ ಎಂಟು ಇಂಚು” ಎಂದಳು. ಆಮೇಲೆ ಯಾಕೋ ಅವನ ಮುಖ ನೋಡದೆ ಯಂತ್ರದ ಕಾಲು ಮಡಚತೊಡಗಿದಳು.

ವಾರದೊಳಗೆ ಸಭೆ ನಡೆದು ಎಲ್ಲವೂ ಮುಗಿಯಿತು. ಹಳೆಯದನ್ನು ಕೆದಕಿದರೆ ಊರಿಗೆ ಊರೇ ಕೋರ್ಟು ಹತ್ತುತ್ತದೆ ಎಂದು ಮುಖ್ಯಾಧಿಕಾರಿ ಹೇಳಿದರು, ಸದಸ್ಯರು ಮೇಜು ತಟ್ಟಿದರು. ಈಗ ಯಾವ ಕಲ್ಲು ಎಲ್ಲಿದೆಯೋ ಅದೇ ಗಡಿ. ಹುಡುಗಿ ಒಂದೊಂದು ಕಲ್ಲಿನ ಬಳಿಯೂ ನಿಂತು ಅದರ ಜಾಗವನ್ನು ಯಂತ್ರಕ್ಕೆ ಸೇರಿಸಿಕೊಂಡಳು.

“ನಮ್ಮ ಅಣ್ಣನ ಹೊಲದ್ದಾದ್ರೂ ಸರಿ ಮಾಡಮ್ಮ” ಎಂದು ಚೈನಣ್ಣ ಕೇಳಿದ. “ಹದಿಮೂರು ಅಡಿ ಅವನದ್ದು. ನಾನೇ ಬರೆದುಕೊಡ್ತೀನಿ.”

“ನಿರ್ಣಯ ಆಗಿಹೋಯ್ತು ತಾತ. ನಿಮ್ಮಣ್ಣ ಅರ್ಜಿ ಕೊಟ್ಟು, ನೀವು ಒಪ್ಪಿ ಸಹಿ ಹಾಕಿದ್ರೆ ಮಾತ್ರ ಆಗಬಹುದು. ಇಬ್ಬರೂ ಒಟ್ಟಿಗೆ ಬರಬೇಕು.” ಆಮೇಲೆ, “ಬರ್ತಾರಾ?” ಎಂದಳು.

ಮರುದಿನ ಬೆಳಗ್ಗೆ ಅವನು ಅಣ್ಣನ ಮನೆಗೆ ಹೋದ. ರಸ್ತೆಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಅಣ್ಣ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ದಬ್ಬಣದಲ್ಲಿ ಹರಿದ ಚೀಲ ಹೊಲಿಯುತ್ತಿದ್ದ. ವಯಸ್ಸು ಎಪ್ಪತ್ತಮೂರು, ಹೊಲಿಗೆ ಮಾತ್ರ ನೇರವಾಗಿತ್ತು. ಗೋಡೆಯಲ್ಲಿ ಕ್ಷೌರದ ಕನ್ನಡಿ, ಅದರ ಮೊಳೆಗೆ ಅತ್ತಿಗೆಯ ಕನ್ನಡಕ ತೂಗುತ್ತಿತ್ತು.

“ಏನು ಬಂದ್ರಿ?” ಎಂದ ಅಣ್ಣ.

ಚೈನಣ್ಣ ನಿಂತೇ ಎಲ್ಲವನ್ನೂ ಹೇಳಿದ. ಅಂಗಳದ ಕಲ್ಲು ಸರಿದದ್ದು, ಕೊಂಡಿ ಕತ್ತರಿಸಿದ್ದು, ಊರಿಗೆ ಊರೇ ತಪ್ಪಾಗಿ ಅಳೆದದ್ದು, ಹುಡುಗಿಯ ಯಂತ್ರ ಹೇಳಿದ್ದು. “ನೀನು ಒತ್ತಿರಲಿಲ್ಲ ಅಣ್ಣ. ಅಪ್ಪ ಇಟ್ಟ ಕಲ್ಲು ಸರಿಯಾಗೇ ಇತ್ತು.”

ದಬ್ಬಣ ನಿಂತಿತು.  ಅಣ್ಣನ ಬಾಯಿಂದ ಬಂದದ್ದು ಹಳೆಯ ದನಿ, ಚಿಕ್ಕಂದಿನಲ್ಲಿ ಹಾಸಿಗೆಯೊಳಗೆ ಪಿಸುಗುಟ್ಟುತ್ತಿದ್ದ ದನಿ:

“ಹೌದೇನೋ?”

 ಚೈನಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮೂವತ್ತೆರಡು ವರ್ಷದ ಮೇಲೆ ಬಂದದ್ದು ಅಷ್ಟೇ ಪುಟ್ಟ ಮಾತು.

“ಹಾಗಾದ್ರೆ ಅವಳು ನೆಟ್ಟದ್ದು ನಮ್ಮ ನೆಲದಲ್ಲೇ” ಎಂದ ಅಣ್ಣ, ಕನ್ನಡಕದ ಕಡೆ ನೋಡಿ. “ಕೊನೆಯ ದಿನಗಳಲ್ಲೂ ಕೇಳ್ತಿದ್ಲು ಕಣೋ. ‘ನಿಜ ಹೇಳಿ, ನೀವು ಸರಿಸಿದ್ರಾ?’ ಅಂತ. ಅವಳಿಗೂ ಪೂರ್ತಿ ನಂಬಿಕೆ ಇರಲಿಲ್ಲ.” ಆಮೇಲೆ, ಇನ್ನೂ ಅದೇ ದನಿಯಲ್ಲಿ, ಮೆತ್ತಗೆ ಕೇಳಿದ: “ಆ ಕಲ್ಲು ಸರಿದದ್ದು ನಿಂಗೆ ಯಾವಾಗ ಗೊತ್ತಾಯ್ತು?”

ಹೋದ ವಾರ, ಆ ಹುಡುಗಿ ಹೇಳಿದಾಗ. ಅಷ್ಟು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಣ್ಣ ಅವನ ಕಣ್ಣನ್ನೇ ನೋಡುತ್ತಿದ್ದ, ಬದುವಿನ ಮೇಲೆ ಅಂದು ನೋಡಿದ ಹಾಗೆಯೇ. ಚೈನಣ್ಣ ಆ ನೋಟಕ್ಕೆ ಎರಡನೆಯ ಸಲ ಸುಳ್ಳು ಹೇಳಲಾರದೆ ಹೋದ.

“ಸಿಮೆಂಟು ಹಸಿ ಇದ್ದಾಗಲೇ” ಎಂದ.

 ಅಣ್ಣ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಉಳಿದ ಗೇಣಷ್ಟು ಹರಕನ್ನು ಕೊನೆಯವರೆಗೆ ಹೊಲಿದು, ಗಂಟು ಹಾಕಿ, ಹುರಿಯನ್ನು ಹಲ್ಲಿನಿಂದ ಕಡಿದ.

“ಅಣ್ಣ, ಒಂದು ಅರ್ಜಿ ಕೊಟ್ರೆ ಆ ಹದಿಮೂರು ಅಡಿ...”

“ಅಳೆದು ನಿಮ್ಮದು ಅಂತ ಕೊಟ್ಟಿದ್ದಾರೆ. ಇಟ್ಕೊಳ್ಳಿ” ಎಂದ ಅಣ್ಣ. “ಹೋಗುವಾಗ ಬಾಗಿಲು ಎಳೆದುಕೊಳ್ಳಿ. ಧೂಳು ಬರುತ್ತೆ.”

ಮೂರು ದಿನ ಬಿಟ್ಟು, ಬೆಳಕು ಹರಿಯುವ ಹೊತ್ತಿಗೆ, ಚೈನಣ್ಣ ಹಾರೆ ಹಿಡಿದು ಹೊಲಕ್ಕೆ ಹೋದ. ಗಡಿಕಲ್ಲಿನ ಬುಡ ಬಿಡಿಸಿ, ಮಗುಚಿ ಮಗುಚಿ ಉರುಳಿಸುತ್ತ, ಉಳಿದಿದ್ದ ಎರಡು ನಿಂಬೆ ಗಿಡಗಳನ್ನು ದಾಟಿಸಿ, ಅಪ್ಪನ ಕಲ್ಲು ಇದ್ದ ಜಾಗಕ್ಕೆ ತಂದು ಹೂತ. ಐದು ಹೆಜ್ಜೆಯ ದಾರಿಗೆ ಒಂದು ಗಂಟೆ ಹಿಡಿಯಿತು. ಮನೆಗೆ ಹೋಗುವ ದಾರಿಯಲ್ಲಿ ಯಂತ್ರ ಹೊತ್ತು ಬಸ್ಸಿಗೆ ಕಾಯುತ್ತಿದ್ದ ಹುಡುಗಿ ಸಿಕ್ಕಳು. ಅವನ ಕೈಯ ಮಣ್ಣು ನೋಡಿದವಳಿಗೆ ಅರ್ಥವಾಯಿತು.

“ಕಲ್ಲು ಎಲ್ಲಿಟ್ರೂ ಈಗ ಒಂದೇ ತಾತ” ಎಂದಳು. “ಇನ್ಮೇಲೆ ಯಾರೂ ಕಲ್ಲು ನೋಡಲ್ಲ.”

ಮಧ್ಯಾಹ್ನ ಅವನು ಹಾರೆ ಮರೆತದ್ದು ನೆನಪಾಗಿ ಮತ್ತೆ ಹೊಲಕ್ಕೆ ಬಂದ. ದೂರದಿಂದಲೇ ಕಂಡಿತು. ಅಣ್ಣ ಅದೇ ಹಾರೆಯಿಂದ ಕಲ್ಲನ್ನು ಕಿತ್ತು, ಹಿಂದಕ್ಕೆ, ತನ್ನ ಹೊಲದ ಕಡೆಗೇ ಉರುಳಿಸುತ್ತಿದ್ದ. ಒಂದೊಂದು ಮಗ್ಗುಲಿಗೂ ನಿಂತು ಏದುಸಿರು ಬಿಡುತ್ತಿದ್ದ. ನಿಂಬೆ ಗಿಡಗಳ ಹತ್ತಿರ ಬಂದಾಗ ಕೊಂಬೆಗೆ ತಾಗದಂತೆ ಕಲ್ಲನ್ನು ಸುತ್ತಿಸಿ ಒಯ್ದ. ಪುರಸಭೆ ಹೇಳಿದ ಗುಂಡಿಯಲ್ಲೇ ಅದನ್ನು ಇಳಿಸಿ, ಮಣ್ಣು ಎಳೆದು, ಬಿಂದಿಗೆಯಿಂದ ನೀರು ಹೊಯ್ದು, ಸುತ್ತಲೂ ಕಾಲಿನಿಂದ ತುಳಿದ. ಹಾರೆಯನ್ನು ಕಲ್ಲಿನ ಈಚೆಗೆ, ತಮ್ಮನ ಬದಿಗೆ ಒರಗಿಸಿ, ಬಿಂದಿಗೆ ಎತ್ತಿಕೊಂಡು ಮನೆಯ ಕಡೆ ನಡೆದ. ಚೈನಣ್ಣ ನಿಂತದ್ದನ್ನು ಅವನು ಕಂಡಿದ್ದ. ತಿರುಗಲಿಲ್ಲ.

ಅವನು ಮರೆಯಾದ ಮೇಲೆ ಚೈನಣ್ಣ ಕಲ್ಲಿನ ಹತ್ತಿರ ಹೋಗಿ ಕೂತ. ಬಗ್ಗಿ ಬೆರಳಿಟ್ಟು ನೋಡಿದ. ಮಣ್ಣು ಇನ್ನೂ ಹಸಿಯಾಗಿತ್ತು, ಬೆರಳಿನ ಗುರುತು ಬಿತ್ತು. ಹಾರೆ ಕೈಗೆಟುಕುವಷ್ಟರಲ್ಲೇ ಇತ್ತು. ಬಿಸಿಲು ನಿಂಬೆ ಗಿಡಗಳ ಮೇಲಿಂದ ನಿಧಾನವಾಗಿ ಆಚೆಗೆ ಸರಿಯಿತು. ಸಂಜೆ ಗೋಪುರದ ಗಡಿಯಾರ ಆರು ಹೊಡೆದಾಗ ಅವನು ಮತ್ತೊಮ್ಮೆ ಬೆರಳಿಟ್ಟ. ಮಣ್ಣು ಗಟ್ಟಿಯಾಗಿತ್ತು. ಹಾರೆ ಹೆಗಲಿಗಿಟ್ಟುಕೊಂಡು ಮನೆಗೆ ಹೋದ.